ದೇವತೆ, ಹೂವು, ಹಾಡು: ಮೂರಕ್ಕೂ ಒಂದೇ ಹೆಸರು ಯಾವ್ಯಾವುದಿದೆ?

ಕ್ವಿಜ್ ಕಿಟ್ಟಿ
ಎಲ್ಲರಿಗೂ ನಮಸ್ಕಾರ. ನಮ್ಮ ಆಫೀಸಿನ ಕನ್ನಡ ಬಳಗದ ಕ್ವಿಜ್ ಈ ಸಲ ನನ್ನ ತಲೆಗೆ ಬಂದಿದೆ. ಕನೆಕ್ಟ್ ಸುತ್ತಿಗೆ ಒಂದು ಯೋಚನೆ ಇದೆ. ಮೂರು ಸುಳಿವು ಕೊಡುತ್ತೇನೆ. ರೋಮನ್ ಪುರಾಣದ ಒಂದು ಪಾತ್ರ, ಒಂದು ಹೂವು ಅಥವಾ ಗಿಡ, ಒಂದು ಹಾಡು ಇಲ್ಲವೇ ಹಾಡುವವರು. ಮೂರಕ್ಕೂ ಹೆಸರು ಒಂದೇ ಇರಬೇಕು.

ಸದ್ಯ ಕೈಯಲ್ಲಿರುವುದು ಒಂದೇ ಒಂದು: ಐರಿಸ್. ಕಾಮನಬಿಲ್ಲಿನ ದೇವತೆ, ನೀಲಿ-ನೇರಳೆ ಹೂವು, ಆಮೇಲೆ 1998ರ ಗೂ ಗೂ ಡಾಲ್ಸ್ ತಂಡದ ಹಾಡು. ಆದರೆ ಇದೇ ಉತ್ತರ ಹೇಳಿ ಹೋದ ವರ್ಷ ಒಂದು ಕ್ವಿಜ್‌ನಲ್ಲಿ ಪೆಟ್ಟು ತಿಂದಿದ್ದೇನೆ. "ಐರಿಸ್ ಗ್ರೀಕ್ ದೇವತೆ ರೀ, ರೋಮನ್ ಅಲ್ಲ" ಅಂತ ಅಂಕವೇ ಕೊಡಲಿಲ್ಲ. ಅರ್ಧ ಅಂಕದಲ್ಲಿ ಎರಡನೇ ಸ್ಥಾನ ಹೋಯಿತು. ಈಗಲೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ಹಾಗಾಗಿ ಯಾರೂ ತಕರಾರು ತೆಗೆಯದಂಥ ಹೆಸರುಗಳು ಬೇಕು. ಗೊತ್ತಿದ್ದವರು ಹೇಳಿ.

ತಕರಾರಪ್ಪ
ಆ ಕ್ವಿಜ್ ಮಾಸ್ಟರ್ ಮಾಡಿದ್ದು ಸರಿ. ಐರಿಸ್ ಅಂದರೆ ಗ್ರೀಕ್ ಭಾಷೆಯಲ್ಲಿ ಕಾಮನಬಿಲ್ಲು. ಹೆಸರೂ ಅವರದ್ದೇ, ದೇವತೆಯೂ ಅವರದ್ದೇ. ಗ್ರೀಕರ ದೇವರಾಜ ಜ್ಯೂಸ್‌ಗೆ ಜೂಪಿಟರ್, ಪ್ರೇಮದ ದೇವತೆ ಅಫ್ರೋಡೈಟಿಗೆ ವೀನಸ್ ಅಂತ ಬೇರೆ ಹೆಸರು ಇದ್ದ ಹಾಗೆ ಐರಿಸ್‌ಗೆ ಬೇರೆ ರೋಮನ್ ಹೆಸರು ಇದೆಯಾ? ಇಲ್ಲ ಅಲ್ವಾ. ಮುಗೀತು.

ನಿವೃತ್ತ ಮೇಷ್ಟ್ರು
ಮುಗಿಯಲಿಲ್ಲ ತಕರಾರಪ್ಪನವರೇ. ವರ್ಜಿಲ್ ಕವಿಯ ಈನಿಯಡ್ ತೆಗೆದು ನಾಲ್ಕನೇ ಅಧ್ಯಾಯದ ಕೊನೆ ಓದಿ. ಕಾರ್ಥೇಜಿನ ರಾಣಿ ಡಿಡೋ ಚಿತೆಯ ಮೇಲೆ ಕತ್ತಿ ಇರಿದುಕೊಂಡು ಬಿದ್ದಿದ್ದಾಳೆ. ಪ್ರಾಣ ಹೋಗುತ್ತಿಲ್ಲ. ಯಾಕೆಂದರೆ ಅವಳದ್ದು ಕಾಲ ಬಂದು ಬಂದ ಸಾವಲ್ಲ. ಸಾಯುವವರ ತಲೆಯಿಂದ ಒಂದೆಳೆ ಕೂದಲು ಕತ್ತರಿಸಬೇಕಾದ ಪಾತಾಳದ ರಾಣಿ ಪ್ರೊಸರ್ಪಿನಾ ಇನ್ನೂ ಕತ್ತರಿಸಿಲ್ಲ. ಆ ಸಂಕಟ ನೋಡಲಾರದೆ ದೇವತೆಗಳ ರಾಣಿ ಜೂನೋ ತನ್ನ ದೂತೆ ಐರಿಸ್‌ಳನ್ನು ಕಳಿಸುತ್ತಾಳೆ. ಇಬ್ಬನಿ ತುಂಬಿದ ರೆಕ್ಕೆಯಲ್ಲಿ, ಎದುರು ಬಿಸಿಲಿಗೆ ಸಾವಿರ ಬಣ್ಣ ಚೆಲ್ಲುತ್ತಾ ಐರಿಸ್ ಇಳಿದು ಬಂದು, ರಾಣಿಯ ತಲೆಯ ಹತ್ತಿರ ನಿಂತು, ಆ ಕೂದಲು ಕತ್ತರಿಸುತ್ತಾಳೆ. ಮೈಯ ಬಿಸಿ ಆರಿ, ಜೀವ ಗಾಳಿಗೆ ಸೇರುತ್ತದೆ.

ಇದು ರೋಮಿನ ಮಹಾಕಾವ್ಯ. ಲ್ಯಾಟಿನ್‌ನಲ್ಲಿ ಬರೆದದ್ದು. ಐರಿಸ್‌ಗೆ ರೋಮಿನಲ್ಲಿ ದೊಡ್ಡ ಗುಡಿ ಇರಲಿಲ್ಲ, ಒಪ್ಪುತ್ತೇನೆ. ಆದರೆ ಪ್ರಶ್ನೆ ಇರುವುದು ಪುರಾಣದ ಬಗ್ಗೆ, ಗುಡಿಯ ಬಗ್ಗೆ ಅಲ್ಲ. ಪಂಪನ ಅರ್ಜುನ ಸಂಸ್ಕೃತದಿಂದ ಬಂದವನು, ಹಾಗಾಗಿ ಕನ್ನಡದವನಲ್ಲ ಅಂತೀರಾ?

ತಕರಾರಪ್ಪ
ಪಂಪನನ್ನು ತಂದರೆ ನಾನೇನು ಹೇಳಲಿ. ಅರ್ಧ ಅಂಕ ಕೊಡಬಹುದು.

ಹಳೇ ಟೇಪು
ದೇವತೆ ವಿಷಯ ನೀವು ನೋಡಿಕೊಳ್ಳಿ, ಹಾಡಿನ ವಿಷಯ ನಾನು ಹೇಳುತ್ತೇನೆ. ಈ ಹಾಡಿನ ತಮಾಷೆ ಏನು ಗೊತ್ತಾ? ಹಾಡಿನೊಳಗೆ ಐರಿಸ್ ಅನ್ನೋ ಪದವೇ ಇಲ್ಲ. ಮೊದಲಿಂದ ಕೊನೆವರೆಗೆ ಕೇಳಿ, ಸಿಗಲ್ಲ.

ತಂಡದ ಜಾನ್ ರೆಜ್ನಿಕ್ ಇದನ್ನು ಸಿಟಿ ಆಫ್ ಏಂಜಲ್ಸ್ ಸಿನಿಮಾಕ್ಕೆ ಬರೆದ. ಹಾಡು ಆಯಿತು, ಹೆಸರು ಹೊಳೆಯಲಿಲ್ಲ. ಲಾಸ್ ಏಂಜಲೀಸಿನ ಒಂದು ವಾರಪತ್ರಿಕೆ ತಿರುವಿ ಹಾಕುವಾಗ ಐರಿಸ್ ಡಿಮೆಂಟ್ ಅನ್ನೋ ಗಾಯಕಿಯ ಹೆಸರು ಕಣ್ಣಿಗೆ ಬಿತ್ತು. ಚೆನ್ನಾಗಿದೆ ಅನ್ನಿಸಿತು, ಇಟ್ಟುಬಿಟ್ಟ. ಆ ಹಾಡು ಅಮೆರಿಕದ ರೇಡಿಯೋ ಪಟ್ಟಿಯಲ್ಲಿ 18 ವಾರ ಮೊದಲ ಸ್ಥಾನದಲ್ಲಿತ್ತು. ಕಾಮನಬಿಲ್ಲಿನ ದೇವತೆಗೂ ಹಾಡಿಗೂ ಸಂಬಂಧ ಬೆರಳಿಟ್ಟು ತೋರಿಸಲು ಹೋದರೆ ಏನೂ ಇಲ್ಲ.

ಹಾಗಾಗಿ ಕಿಟ್ಟಿ ಅವರೇ, ಮೊದಲು ಇದನ್ನು ತೀರ್ಮಾನ ಮಾಡಿ. ನಿಮಗೆ ಬರೀ ಹೆಸರು ಒಂದಾದರೆ ಸಾಕಾ? ಅಥವಾ ಒಂದು ಇನ್ನೊಂದರಿಂದ ಬಂದಿರಬೇಕಾ?

ಕ್ವಿಜ್ ಕಿಟ್ಟಿ
ಬರೀ ಹೆಸರು ಸಾಕು ಅಂದುಕೊಂಡಿದ್ದೆ. ಆದರೆ ಈ ಕಥೆ ಕೇಳಿದ ಮೇಲೆ, ಹೆಸರು ಯಾವ ದಾರಿಯಲ್ಲಿ ಬಂತು ಅನ್ನೋದೇ ಹೆಚ್ಚು ರುಚಿ ಅನ್ನಿಸುತ್ತಿದೆ. ಊರಲ್ಲಿ ಮಂಜುನಾಥ ಅಂತ ಹತ್ತು ಜನ ಇರುತ್ತಾರೆ. ಎಲ್ಲರೂ ನೆಂಟರಲ್ಲ. ಯಾರು ನೆಂಟರು, ಯಾರು ಬರೀ ಹೆಸರಿನವರು ಅಂತ ಗೊತ್ತಾದರೆ ಪ್ರಶ್ನೆ ಚೆನ್ನಾಗಿ ಕಟ್ಟಬಹುದು.

ಮಲ್ಲಿಗೆ ಮೊಳ
ಹೂವಿನ ಕಡೆಯಿಂದ ನನ್ನದೊಂದು ದೂರು. ಚಿಕ್ಕಮ್ಮನ ಮಗಳ ನಿಶ್ಚಿತಾರ್ಥಕ್ಕೆ ಐರಿಸ್ ಹೂವು ಬೇಕು ಅಂತ ಒಂದು ಅಂಗಡಿಗೆ ಆರ್ಡರ್ ಕೊಟ್ಟಿದ್ದೆ. ಬಂದದ್ದು ನೇರಳೆ ಬಣ್ಣದ ಗ್ಲಾಡಿಯೋಲಸ್. ಬಿಲ್ಲು ಮಾತ್ರ ಫಾರಿನ್ ಹೂವಿನದ್ದು. ಕೇಳಿದರೆ ಅಂಗಡಿಯವನು ಒಂಚೂರೂ ಅಳುಕದೆ "ಎರಡೂ ಒಂದೇ ಜಾತಿ ಮೇಡಂ" ಅಂದ.

ಮನೆಗೆ ಬಂದು ನೋಡಿದರೆ ಅವನ ಮಾತು ಅರ್ಧ ನಿಜ! ಗ್ಲಾಡಿಯೋಲಸ್ ಸಸ್ಯಶಾಸ್ತ್ರದಲ್ಲಿ ಐರಿಸ್ ಕುಟುಂಬಕ್ಕೇ ಸೇರಿದ್ದು. ಕುಟುಂಬದ ಹೆಸರು ಇರಿಡೇಸಿ. ಗ್ಲಾಡಿಯೋಲಸ್ ಅಂದರೆ ಲ್ಯಾಟಿನ್‌ನಲ್ಲಿ ಪುಟ್ಟ ಕತ್ತಿ. ಎಲೆ ಕತ್ತಿ ಥರ ಇರುತ್ತದಲ್ಲ, ಅದಕ್ಕೆ. ಗ್ಲಾಡಿಯೇಟರ್ ಅನ್ನೋದೂ ಅದೇ ಬೇರಿನ ಪದ. ನಮ್ಮ ಮದುವೆ ಸ್ಟೇಜಿನ ಎರಡೂ ಪಕ್ಕ ಕತ್ತಿ ನಿಲ್ಲಿಸಿದ್ದೇವೆ ಅಂತ ಯಾರಿಗೂ ಗೊತ್ತಿಲ್ಲ.

ಇದೇ ಕುಟುಂಬದ ಇನ್ನೊಂದು ಸದಸ್ಯ ನಮ್ಮ ಅಡುಗೆಮನೆಯಲ್ಲೇ ಇದೆ. ಕೇಸರಿ. ಅದರ ಹೂವು ಕ್ರೋಕಸ್. ಒಂದು ಹೂವಿನಲ್ಲಿ ಮೂರೇ ಮೂರು ಕೆಂಪು ಎಳೆ. ಅದನ್ನು ಕೈಯಲ್ಲೇ ಬಿಡಿಸಬೇಕು. ಅದಕ್ಕೇ ಆ ರೇಟು. (ಹೋಟೆಲಿನ ಕೇಸರಿಬಾತಿನಲ್ಲಿ ಇರುವುದು ಬಣ್ಣ. ಸುಮ್ನೆ ಹೇಳಿದೆ.)

ನಿವೃತ್ತ ಮೇಷ್ಟ್ರು
ಭೇಷ್. ಕ್ರೋಕಸ್ ಕೂಡ ಪುರಾಣದಲ್ಲಿದ್ದಾನೆ. ರೋಮಿನ ಕವಿ ಓವಿಡ್ ತನ್ನ ಮೆಟಮಾರ್ಫಸಿಸ್ ಕಾವ್ಯದ ನಾಲ್ಕನೇ ಅಧ್ಯಾಯದಲ್ಲಿ ಕ್ರೋಕಸ್ ಮತ್ತು ಸ್ಮೈಲಾಕ್ಸ್ ಅನ್ನುವ ಜೋಡಿ ಪುಟ್ಟ ಹೂವುಗಳಾದರು ಅಂತ ಹೇಳಿ ಮುಂದೆ ಹೋಗಿಬಿಡುತ್ತಾನೆ. ಕಥೆಯನ್ನೇ ಹೇಳುವುದಿಲ್ಲ. ಅವನ ಕಾಲದ ಓದುಗರಿಗೆ ಹೆಸರು ಹೇಳಿದರೆ ಸಾಕಿತ್ತೋ ಏನೋ.

ಹಳೇ ಟೇಪು
ಹಾಗಾದರೆ ಮೂರೂ ಸಿಕ್ಕಿತು! ಕ್ರೋಕಸ್ ಅಂತ ಸ್ವಿಟ್ಜರ್ಲೆಂಡಿನ ಒಂದು ಹಾರ್ಡ್ ರಾಕ್ ತಂಡ ಇದೆ. 1975ರಲ್ಲಿ ಶುರುವಾದದ್ದು. ಚರ್ಮದ ಜಾಕೆಟ್ ಹಾಕಿ, ಗಿಟಾರ್ ಕಿರುಚಿಸುವ ಗಂಡಸರು. ಹೆಸರು ಮಾತ್ರ ಹೂವಿನದ್ದು.

ತಕರಾರಪ್ಪ
ಅವರ ಸ್ಪೆಲಿಂಗ್ ಬೇರೆ. ಸಿ ಇರುವ ಕಡೆ ಎರಡರಲ್ಲೂ ಕೆ ಹಾಕುತ್ತಾರೆ. ನಡೆಯಲ್ಲ.

ಧಾರವಾಡ ಪೇಡೆ
ಏನ್ರೀ ತಕರಾರಪ್ಪಾರ, ಕನ್ನಡದಾಗ ಬರೀರಿ. ಎರಡೂ ಕ್ರೋಕಸ್ಸೇ. ಕನ್ನಡ ಬಳಗದ ಕ್ವಿಜ್ ಐತಿ, ಸ್ಪೆಲಿಂಗ್ ಎಲ್ಲಿಂದ ಬಂತು?

ಕ್ವಿಜ್ ಕಿಟ್ಟಿ
ಪೇಡೆ ಅವರ ತೀರ್ಪೇ ಅಂತಿಮ. ಕ್ರೋಕಸ್ ಪಟ್ಟಿಗೆ ಸೇರಿತು. ಮುಂದೆ ವೀನಸ್ ನೋಡೋಣ. ಹಾಡು ಗೊತ್ತು. ಹೂವು?

ಕೆರೊಲಿನಾ ಕನ್ನಡಿಗ
ನಾನಿರುವುದು ಅಮೆರಿಕದ ನಾರ್ತ್ ಕೆರೊಲಿನಾ. ಇದು ನಮ್ಮ ಏರಿಯಾ ಪ್ರಶ್ನೆ. ವೀನಸ್ ಫ್ಲೈಟ್ರ್ಯಾಪ್, ಅಂದರೆ ನೊಣ ಹಿಡಿದು ತಿನ್ನುವ ಗಿಡ. ಅದು ಕಾಡಿನಲ್ಲಿ ತಾನಾಗಿ ಬೆಳೆಯುವುದು ಇಡೀ ಭೂಮಿಯಲ್ಲಿ ನಾರ್ತ್ ಮತ್ತು ಸೌತ್ ಕೆರೊಲಿನಾದ ಕರಾವಳಿ ಕಡೆ ಮಾತ್ರ. ವಿಲ್ಮಿಂಗ್ಟನ್ ಊರಿನ ಸುತ್ತಮುತ್ತ ಜಾಸ್ತಿ.

ಅಪ್ಪ-ಅಮ್ಮ ಊರಿಂದ ಬಂದಾಗ ಕೆರೊಲಿನಾ ಬೀಚ್ ಸ್ಟೇಟ್ ಪಾರ್ಕಿಗೆ ಕರೆದುಕೊಂಡು ಹೋಗಿದ್ದೆ. ಫ್ಲೈಟ್ರ್ಯಾಪ್ ನೋಡಲೆಂದೇ ಅಲ್ಲಿ ಒಂದು ಕಾಲುದಾರಿ ಇದೆ. ಅಮ್ಮ ದೊಡ್ಡ ಗಿಡ ಅಂದುಕೊಂಡಿದ್ದರು. ನೋಡಿದರೆ ನೆಲಕ್ಕೆ ಅಂಟಿಕೊಂಡ, ಅಂಗೈಯಗಲದ ಗಿಡ. ಬಾಯಿ ಒಂದು ರೂಪಾಯಿ ನಾಣ್ಯದಷ್ಟು. "ಇದಕ್ಕಾ ಇಷ್ಟು ದೂರ ಕರಕೊಂಡು ಬಂದೆ" ಅಂದರು. ಆಮೇಲೆ ಬಗ್ಗಿ ನೋಡಿ, ಒಳಗಿನ ಕೆಂಪು ಕಂಡು, "ಕುಂಕುಮದ ಭರಣಿ ತೆಗೆದಿಟ್ಟ ಹಾಗಿದೆ" ಅಂದರು. ಒಂದನ್ನು ಕಿತ್ತುಕೊಂಡು ಹೋಗೋಣ ಅಂತಲೂ ಅಂದರು. ಬೇಡಮ್ಮಾ, 2014ರಿಂದ ಅದು ಇಲ್ಲಿ ದೊಡ್ಡ ಅಪರಾಧ, ಜೈಲಿಗೆ ಹಾಕುತ್ತಾರೆ ಅಂತ ಹೇಳಿದ ಮೇಲೆ ಕೈ ಹಿಂದೆ ತೆಗೆದರು.

ನಿವೃತ್ತ ಮೇಷ್ಟ್ರು
ಅದರ ಸಸ್ಯಶಾಸ್ತ್ರೀಯ ಹೆಸರು ಡಯೋನಿಯಾ. ಡಯೋನಿ ಅಂದರೆ ವೀನಸ್‌ಳ ತಾಯಿ. ಅಂದರೆ ಇದು ಹೆಸರಿನ ಕಾಕತಾಳೀಯ ಅಲ್ಲ, ನಿಜವಾದ ನೆಂಟಸ್ತಿಕೆ. ಹೆಸರಿಟ್ಟವರು ದೇವತೆಯನ್ನು ತಲೆಯಲ್ಲಿ ಇಟ್ಟುಕೊಂಡೇ ಇಟ್ಟದ್ದು. ಚೆಲುವೆಯಾಗಿ ಕಂಡು ಹಿಡಿದು ಹಾಕುತ್ತದೆ ಅಂತಲೋ ಏನೋ, ಆ ಕಾಲದ ಗಂಡಸರ ಹಾಸ್ಯಪ್ರಜ್ಞೆ.

ತಾರಸಿ ತೋಟ
ನಾನು ಬೆಂಗಳೂರಿನಲ್ಲಿ ಈ ಗಿಡ ತಂದು ಸಾಯಿಸಿದವನು. ತಪ್ಪು ನನ್ನದೇ. ಬೋರ್‌ವೆಲ್ ನೀರು ಹಾಕಿದೆ, ಜೊತೆಗೆ ಪ್ರೀತಿಯಿಂದ ಎರೆಗೊಬ್ಬರ ಬೇರೆ ಹಾಕಿದೆ. ಈ ಗಿಡ ಸಾರ ಇಲ್ಲದ ಜೌಗು ಮಣ್ಣಿನಲ್ಲಿ ಹುಟ್ಟಿದ್ದು. ಮಣ್ಣಿನಲ್ಲಿ ಸಿಗದ್ದನ್ನು ನೊಣದಿಂದ ಪಡೆಯುತ್ತದೆ. ನೀರಿನಲ್ಲಿ ಉಪ್ಪಿನಂಶ ಇದ್ದರೆ ಬೇರು ಸುಟ್ಟುಹೋಗುತ್ತದೆ. ಮಳೆನೀರು ಅಥವಾ ಆರ್‌ಒ ನೀರು ಮಾತ್ರ ಆಗುತ್ತದೆ. ಎರಡನೇ ಗಿಡ ಈಗ ಬದುಕಿದೆ.

ಅದರ ಬುದ್ಧಿ ನೋಡಬೇಕು. ಬಾಯಿಯ ಒಳಗೆ ಸಣ್ಣ ಕೂದಲಿನಂಥ ಎಳೆಗಳಿವೆ. ಒಂದು ಸಲ ಮುಟ್ಟಿದರೆ ಸುಮ್ಮನಿರುತ್ತದೆ. ಸುಮಾರು 20 ಸೆಕೆಂಡಿನೊಳಗೆ ಇನ್ನೊಂದು ಸಲ ಮುಟ್ಟಿದರೆ ಟಪ್ ಅಂತ ಮುಚ್ಚುತ್ತದೆ. ಮಳೆಹನಿ ಬಿದ್ದದ್ದಕ್ಕೆಲ್ಲ ಬಾಯಿ ಮುಚ್ಚಿ ಶಕ್ತಿ ಹಾಳು ಮಾಡಿಕೊಳ್ಳಬಾರದಲ್ಲ. ಮಗಳು ಕಡ್ಡಿ ಹಾಕಿ ಹಾಕಿ ಎರಡು ಬಾಯಿ ಕಪ್ಪಾಗಿಸಿದ್ದಾಳೆ. ಈಗ ಗಿಡದ ಹತ್ತಿರ ಬೋರ್ಡ್ ಇದೆ.

ಹಳೇ ಟೇಪು
ವೀನಸ್ ಹಾಡಿನ ಕಥೆ ಇನ್ನೂ ಮಜಾ. 1969ರಲ್ಲಿ ಶಾಕಿಂಗ್ ಬ್ಲೂ ಅನ್ನೋ ಡಚ್ ತಂಡ ಇದನ್ನು ಹೊರತಂದಿತು. ಬರೆದವನು ರಾಬಿ ವಾನ್ ಲೂವೆನ್, ಹಾಡಿದವಳು ಮರಿಸ್ಕಾ ವೆರೆಸ್. ಇಬ್ಬರ ತಾಯಿನುಡಿಯೂ ಇಂಗ್ಲಿಷ್ ಅಲ್ಲ. ಮೊದಲ ಸಾಲಿನಲ್ಲಿ ದೇವತೆ ಅನ್ನಲು ಗಾಡೆಸ್ ಅಂತ ಬರೆಯಬೇಕಿತ್ತು. ಕೈತಪ್ಪಿ ಗಾಡ್‌ನೆಸ್ ಅಂತ ಬರೆದಿದ್ದ. ಅವಳು ಇದ್ದದ್ದನ್ನು ಇದ್ದ ಹಾಗೇ ಹಾಡಿದಳು. ರೆಕಾರ್ಡ್ ಹಾಗೇ ಹೊರಗೆ ಬಂತು. 1970ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ನಂಬರ್ ಒನ್ ಆಯಿತು. ಹಾಡು ಹಿಟ್ ಆದ ಮೇಲೆ ಯಾರು ಕೇಳುತ್ತಾರೆ, ತಪ್ಪಾ ಸರಿಯಾ ಅಂತ.

1986ರಲ್ಲಿ ಬನಾನಾರಾಮಾ ಅನ್ನೋ ಮೂವರು ಹುಡುಗಿಯರ ತಂಡ ಅದನ್ನೇ ಮತ್ತೆ ಹಾಡಿ ಮತ್ತೆ ನಂಬರ್ ಒನ್ ಮಾಡಿತು. ಅದಕ್ಕೂ ಮೊದಲು, 1959ರಲ್ಲಿ, ಫ್ರಾಂಕಿ ಆವಲಾನ್ ಹಾಡಿದ ವೀನಸ್ ಕೂಡ ನಂಬರ್ ಒನ್ ಆಗಿತ್ತು. ಅದು ಬೇರೆಯದೇ ಹಾಡು. ದೇವತೆಗೆ ಚಾರ್ಟಿನ ಮೇಲೆ ಕೃಪೆ ಇದೆ.

ಮಲ್ಲಿಗೆ ಮೊಳ
ನಮ್ಮಲ್ಲೂ ಅವಳದ್ದೇ ವಾರ ಗೊತ್ತಾ? ಲ್ಯಾಟಿನ್‌ನಲ್ಲಿ ವೀನಸ್‌ಳ ದಿನ ಅಂದರೆ ನಮ್ಮ ಶುಕ್ರವಾರ. ಗ್ರಹ ಒಂದೇ. ಆದರೆ ಅಲ್ಲಿ ಅವಳು ಚೆಲುವೆ, ಇಲ್ಲಿ ಅದೇ ಗ್ರಹ ರಾಕ್ಷಸರ ಗುರು, ಒಂದು ಕಣ್ಣಿನ ಶುಕ್ರಾಚಾರ್ಯ. ಕೆ.ಆರ್. ಮಾರ್ಕೆಟ್ಟಿನಲ್ಲಿ ಶುಕ್ರವಾರ ಹೂವಿನ ರೇಟು ಏರುವುದಂತೂ ಖಾತ್ರಿ.

ಕ್ವಿಜ್ ಕಿಟ್ಟಿ
ವೀನಸ್ ಪಕ್ಕಾ. ಮುಂದೆ ಡಯಾನಾ. ಪಾಲ್ ಆಂಕಾ 1957ರಲ್ಲಿ ಹದಿಹರೆಯದಲ್ಲೇ ಬರೆದು ಹಾಡಿದ ಡಯಾನಾ ಇದೆ. ಬೇಟೆಯ ದೇವತೆ ಡಯಾನಾ ಇದ್ದಾಳೆ. ಹೂವು ಸಿಗುತ್ತಿಲ್ಲ. ಸಿಕ್ಕಿದರೆ ಅಡ್ಡಿ ಇಲ್ಲ, ಇಲ್ಲದಿದ್ದರೆ ಬಿಡುತ್ತೇನೆ.

ಮಲ್ಲಿಗೆ ಮೊಳ
ಬಿಡಬೇಡಿ! ಇದು ನನ್ನ ಪ್ರಶ್ನೆ. ಡಯಾನಾಳ ಗ್ರೀಕ್ ಹೆಸರು ಆರ್ಟಿಮಿಸ್. ಆ ಹೆಸರಿನಿಂದ ಆರ್ಟಿಮಿಸಿಯಾ ಅನ್ನೋ ಗಿಡಗಳ ಗುಂಪು. ಆ ಗುಂಪಿನಲ್ಲಿ ಆರ್ಟಿಮಿಸಿಯಾ ಪ್ಯಾಲೆನ್ಸ್ ಅಂದರೆ ಯಾವುದು ಹೇಳಿ? ನಮ್ಮ ದವನ!

ನಮ್ಮ ಅಜ್ಜಿ ಹೂವು ಕಟ್ಟುವಾಗ ಒಂದು ಹಿಡಿ ಮಲ್ಲಿಗೆಗೆ ಒಂದು ಕಡ್ಡಿ ದವನ ಅಂತ ಲೆಕ್ಕ ಇಟ್ಟುಕೊಂಡಿದ್ದರು. ಬಾಳೆನಾರು ನೆನೆಸಿ, ಹೆಬ್ಬೆರಳಿಗೆ ಸುತ್ತಿ, ಎರಡು ಮಲ್ಲಿಗೆ ಈ ಕಡೆ, ಎರಡು ಆ ಕಡೆ, ನಡುವೆ ದವನ. ಬೂದಿ ಬಣ್ಣದ ಸಣ್ಣ ಸೀಳು ಎಲೆ. ನೋಡಲು ಏನೂ ಇಲ್ಲ. ಕೈಯಲ್ಲಿ ಉಜ್ಜಿದರೆ ಒಂದು ದಿನ ಪೂರ್ತಿ ವಾಸನೆ ಹೋಗಲ್ಲ. ಮಲ್ಲಿಗೆ ಸಂಜೆಗೆ ಬಾಡುತ್ತದೆ, ದವನದ ಪರಿಮಳ ಒಣಗಿದ ಮೇಲೂ ಹೋಗಲ್ಲ. ಅಜ್ಜಿ ಒಣಗಿದ ದವನವನ್ನು ರೇಷ್ಮೆ ಸೀರೆ ಮಡಿಕೆಯಲ್ಲಿ ಇಡುತ್ತಿದ್ದರು. ಚೈತ್ರದ ಹುಣ್ಣಿಮೆಗೆ ದವನದ ಹುಣ್ಣಿಮೆ ಅಂತಲೇ ಹೆಸರಿದೆಯಲ್ಲ. ಇದರ ಎಣ್ಣೆ ತೆಗೆದು ಸೆಂಟಿನ ಕಂಪನಿಗಳಿಗೂ ಮಾರುತ್ತಾರೆ.

ದವನವನ್ನು ತಲೆಗೆ ಮುಡಿದ ಎಷ್ಟು ಹೆಂಗಸರಿಗೆ ಗೊತ್ತು, ಬೇಟೆಗಾರ್ತಿ ದೇವತೆಯ ಹೆಸರು ಹೊತ್ತುಕೊಂಡಿದ್ದೇವೆ ಅಂತ?

ತಾರಸಿ ತೋಟ
ಮಾಚಿಪತ್ರೆಯೂ ಅದೇ ಗುಂಪು. ಮಲೇರಿಯಾ ಔಷಧಿ ಆರ್ಟಿಮಿಸಿನಿನ್ ಬಂದದ್ದೂ ಅದೇ ಗುಂಪಿನ ಇನ್ನೊಂದು ಗಿಡದಿಂದ. ಅದನ್ನು ಹುಡುಕಿದ ಚೀನಾದ ತು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಬಂತು.

ತಕರಾರಪ್ಪ
ನಿಲ್ಲಿ, ನಿಲ್ಲಿ. ಆರ್ಟಿಮಿಸಿಯಾ ಹೆಸರು ದೇವತೆಯಿಂದಲೇ ಬಂತು ಅಂತ ಗ್ಯಾರಂಟಿ ಇಲ್ಲ. ರೋಮಿನ ಲೇಖಕ ಪ್ಲಿನಿ ಎರಡು ಕಾರಣ ಕೊಟ್ಟಿದ್ದಾನೆ. ಒಂದು, ಆರ್ಟಿಮಿಸ್ ದೇವತೆ. ಇನ್ನೊಂದು, ಮೌಸೋಲಸ್ ರಾಜನ ಹೆಂಡತಿ ಆರ್ಟಿಮಿಸಿಯಾ ರಾಣಿ. ಗಂಡ ಸತ್ತಾಗ ದೊಡ್ಡ ಗೋರಿ ಕಟ್ಟಿಸಿದಳಲ್ಲ, ಅವಳು. ಇಂಗ್ಲಿಷಿನ ಮುಸೋಲಿಯಂ ಪದ ಬಂದದ್ದು ಅವಳ ಗಂಡನ ಹೆಸರಿನಿಂದ. ಅಲ್ಲದೆ ಆರ್ಟಿಮಿಸ್ ಅಂದರೆ ಡಯಾನಾ ಅಂತ ಒಂದು ಹಾರು ಹಾರಿ, ಅಲ್ಲಿಂದ ದವನಕ್ಕೆ ಇನ್ನೊಂದು ಹಾರು. ಎರಡು ಹಾರಾಟ ಜಾಸ್ತಿ ಆಯಿತು.

ನಿವೃತ್ತ ಮೇಷ್ಟ್ರು
ರಾಣಿಗೆ ಆ ಹೆಸರು ಬಂದದ್ದೇ ದೇವತೆಯಿಂದ. ಯಾವ ದಾರಿ ಹಿಡಿದರೂ ಆರ್ಟಿಮಿಸ್ ಬಾಗಿಲಿಗೇ ಬರುತ್ತೀರಿ.

ಕ್ವಿಜ್ ಕಿಟ್ಟಿ
ದವನ ಬೇಕೇ ಬೇಕು. ಕಾಗದದ ಮೇಲೆ ಸುಳಿವು ಕೊಡಲ್ಲ. ಪ್ರತಿ ಟೇಬಲ್ಲಿಗೆ ಒಂದೊಂದು ಕಡ್ಡಿ ದವನವನ್ನೇ ಕೊಡುತ್ತೇನೆ.

ಧಾರವಾಡ ಪೇಡೆ
ನಮ್ಮ ಕಡೆ ಈ ಆಟ ಆಡಿದರೆ ಒಂದೇ ಉತ್ತರ: ಪಾರಿಜಾತ. ಕೃಷ್ಣ ಸತ್ಯಭಾಮೆಗೆ ತಂದುಕೊಟ್ಟ ಪುರಾಣದ ಮರ, ಬೆಳಿಗ್ಗೆ ಅಂಗಳದಲ್ಲಿ ಉದುರಿ ಬಿದ್ದಿರುವ ಹೂವು, ರಾತ್ರಿಯಿಡೀ ಹಾಡಿ ಆಡುವ ಶ್ರೀಕೃಷ್ಣ ಪಾರಿಜಾತ. ಮೂರೂ ಒಂದೇ ಬೇರಿನದ್ದು. ಹಾರಾಟವೇ ಬೇಡ.

ತಕರಾರಪ್ಪ
ಚೆನ್ನಾಗಿದೆ, ಆದರೆ ಕೃಷ್ಣ ರೋಮಿನವನಲ್ಲ.

ತಾರಸಿ ತೋಟ
ಹಯಸಿಂತ್ ಹೂವು ಯಾರೂ ಹೇಳಲಿಲ್ಲವಲ್ಲ?

ನಿವೃತ್ತ ಮೇಷ್ಟ್ರು
ಹೇಳುತ್ತೇನೆ. ಓವಿಡ್, ಹತ್ತನೇ ಅಧ್ಯಾಯ. ಅಪೊಲೋ ದೇವರು ಮತ್ತು ಅವನ ಗೆಳೆಯ ಹಯಸಿಂತಸ್ ಅನ್ನುವ ಹುಡುಗ ಮೈಗೆ ಎಣ್ಣೆ ಹಚ್ಚಿಕೊಂಡು ಡಿಸ್ಕಸ್ ಎಸೆಯುವ ಆಟಕ್ಕೆ ನಿಲ್ಲುತ್ತಾರೆ. ಅಪೊಲೋ ಎಸೆದದ್ದು ಮೋಡ ಸೀಳಿಕೊಂಡು ಹೋಗಿ ಬೀಳುತ್ತದೆ. ಹುಡುಗ ಹುಮ್ಮಸ್ಸಿನಲ್ಲಿ ಎತ್ತಿಕೊಳ್ಳಲು ಓಡುತ್ತಾನೆ. ಡಿಸ್ಕಸ್ ಗಟ್ಟಿ ನೆಲಕ್ಕೆ ಬಡಿದು ಪುಟಿದು ಅವನ ಮುಖಕ್ಕೇ ಬಡಿಯುತ್ತದೆ. ಕತ್ತು ಮುರಿದ ಹೂವಿನ ಹಾಗೆ ತಲೆ ವಾಲುತ್ತದೆ ಅಂತಾನೆ ಕವಿ. ರಕ್ತದಿಂದ ಹೂವು ಹುಟ್ಟುತ್ತದೆ. ಅದರ ದಳದ ಮೇಲೆ ದೇವರು ತನ್ನ ಅಳುವನ್ನೇ "ಐ ಐ" ಅಂತ ಅಕ್ಷರವಾಗಿ ಬರೆಯುತ್ತಾನೆ. ನಮ್ಮ "ಅಯ್ಯೋ" ಇದ್ದ ಹಾಗೆ.

ಈಗ ಹಯಸಿಂತ್ ಅಂತ ಮಾರುವ ಹೂವಿನ ದಳದಲ್ಲಿ ಯಾವ ಗುರುತೂ ಇಲ್ಲ. ಹಾಗಾಗಿ ಓವಿಡ್ ಹೇಳಿದ ಹೂವು ಬೇರೆ ಇರಬೇಕು ಅಂತ ಬಹಳ ಜನರ ಅನುಮಾನ. ಆ ಪಟ್ಟಿಯಲ್ಲಿ ಐರಿಸ್ ಕೂಡ ಇದೆ. ಹೆಸರು ಹಳೇ ಮನೆ ಬಿಟ್ಟು ಬೇರೆ ಗಿಡಕ್ಕೆ ಬಾಡಿಗೆಗೆ ಹೋಗಿದೆ.

ತಾರಸಿ ತೋಟ
ಬಾಡಿಗೆ ಒಂದೇ ಕಡೆ ಅಲ್ಲ ಮೇಷ್ಟ್ರೇ. ನಮ್ಮ ಕೆರೆ ತುಂಬ ಹಬ್ಬಿರುವ ಅಂತರಗಂಗೆಗೆ ಇಂಗ್ಲಿಷಿನಲ್ಲಿ ವಾಟರ್ ಹಯಸಿಂತ್. ಅದು ದಕ್ಷಿಣ ಅಮೆರಿಕದ್ದು, ಅಸಲಿ ಹಯಸಿಂತ್‌ಗೆ ನೆಂಟನೇ ಅಲ್ಲ. ಬರೀ ಹೂವಿನ ಬಣ್ಣ ನೋಡಿ ಇಟ್ಟ ಹೆಸರು. ಇನ್ನೊಂದು ಹೇಳುತ್ತೇನೆ, ಕುರ್ಚಿ ಹಿಡಿದುಕೊಳ್ಳಿ. ಹಯಸಿಂತ್ ಬೀನ್ ಅಂದರೆ ಯಾವುದು ಗೊತ್ತಾ? ನಮ್ಮ ಅವರೆಕಾಯಿ!

ಮಲ್ಲಿಗೆ ಮೊಳ
ಏನು!? ಮಾಗಿ ಚಳಿಯಲ್ಲಿ ಕೂತು ಸೊಗಡವರೆ ಸುಲಿದು, ನೆನೆಸಿ, ಹಿದುಕಿ ಹಿದುಕಿ ಬೆರಳ ತುದಿ ಸುಕ್ಕಾಗಿ, ಆ ಹಿದುಕಿದ ಬೇಳೆ ಸಾರು ಮಾಡುತ್ತೇವಲ್ಲ, ಅದರಲ್ಲಿ ಅಪೊಲೋನ ಗೆಳೆಯ ಇದ್ದಾನಾ?

ತಾರಸಿ ತೋಟ
ಹೆಸರಿನಲ್ಲಿ ಇದ್ದಾನೆ, ಬೇಳೆಯಲ್ಲಿ ಇಲ್ಲ. ಅದೂ ನೇರಳೆ ಹೂವಿನ ದೆಸೆಯಿಂದ ಬಂದದ್ದೇ.

ಹಳೇ ಟೇಪು
ಹಾಡು: ದಿ ಡೋರ್ಸ್ ತಂಡದ ಹಯಸಿಂತ್ ಹೌಸ್. 1971ರ ಎಲ್‌.ಎ. ವುಮನ್ ಆಲ್ಬಂ. ಅದು ಬಂದ ಕೆಲವೇ ತಿಂಗಳಲ್ಲಿ, ಜುಲೈನಲ್ಲಿ, ತಂಡದ ಗಾಯಕ ಜಿಮ್ ಮಾರಿಸನ್ ಪ್ಯಾರಿಸ್‌ನಲ್ಲಿ ತೀರಿಕೊಂಡ. ಚಿಕ್ಕ ವಯಸ್ಸಿಗೇ ಹೋದ ಹುಡುಗನ ಹೂವಿನ ಹೆಸರು ಆ ಆಲ್ಬಮ್ಮಿನಲ್ಲೇ ಇತ್ತು ಅಂತ ನೆನೆದರೆ ಒಂದು ಥರ ಆಗುತ್ತದೆ.

ತಕರಾರಪ್ಪ
ಹಾಡಿನ ಹೆಸರು ಹಯಸಿಂತ್ ಹೌಸ್. ಬರೀ ಹಯಸಿಂತ್ ಅಲ್ಲ. ಅಂಕ ಕಟ್.

ಕ್ವಿಜ್ ಕಿಟ್ಟಿ
ಒಪ್ಪಿದೆ. ಪ್ರಶ್ನೆಗೆ ಬೇಡ. ಆದರೆ ಅವರೆಕಾಯಿ ಬೋನಸ್ ಪ್ರಶ್ನೆ ಆಗುತ್ತದೆ. ಹಾಡುವವರ ಹೆಸರಿನ ಕಡೆಯಿಂದ ಏನಾದರೂ?

ಹಳೇ ಟೇಪು
ಕ್ವೀನ್ ತಂಡದ ಗಾಯಕ ಫ್ರೆಡ್ಡಿ ಮರ್ಕ್ಯುರಿ! ಹುಟ್ಟು ಹೆಸರು ಫಾರೂಖ್ ಬುಲ್ಸಾರಾ. 1946ರಲ್ಲಿ ಜಾಂಜಿಬಾರ್‌ನಲ್ಲಿ ಹುಟ್ಟಿದ ಪಾರ್ಸಿ ಹುಡುಗ. ಓದಿದ್ದು ಇಲ್ಲೇ, ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಪಂಚಗನಿಯ ಬೋರ್ಡಿಂಗ್ ಶಾಲೆಯಲ್ಲಿ. ಫ್ರೆಡ್ಡಿ ಅನ್ನೋ ಹೆಸರು ಅಂಟಿಕೊಂಡದ್ದೂ ಅಲ್ಲೇ. ಮರ್ಕ್ಯುರಿ ಮಾತ್ರ ಅವನೇ ಬರೆದ ಮೈ ಫೇರಿ ಕಿಂಗ್ ಹಾಡಿನಿಂದ ಬಂತು. ಅದರಲ್ಲಿ ತಾಯಿ ಮರ್ಕ್ಯುರಿ ಅಂತ ಒಂದು ಮಾತು ಬರುತ್ತದೆ. ಆ ತಾಯಿ ನನ್ನ ತಾಯಿ, ಹಾಗಾಗಿ ನಾನು ಮರ್ಕ್ಯುರಿ ಅಂದುಕೊಂಡ ಅಂತ ತಂಡದ ಬ್ರಯನ್ ಮೇ ಹೇಳಿದ್ದಾರೆ. ಗಿಡ ಇದೆಯಾ ಇದಕ್ಕೆ?

ನಿವೃತ್ತ ಮೇಷ್ಟ್ರು
ಇದೆ. ಮರ್ಕ್ಯುರಿಯಾಲಿಸ್. ಇಂಗ್ಲಿಷರು ಡಾಗ್ಸ್ ಮರ್ಕ್ಯುರಿ ಅನ್ನುತ್ತಾರೆ. ಆ ಗಿಡವನ್ನು ಕಂಡುಹಿಡಿದದ್ದು ಮರ್ಕ್ಯುರಿ ದೇವರೇ ಅಂತ ಅದೇ ಪ್ಲಿನಿ ಬರೆದಿದ್ದಾನೆ. ತಕರಾರಪ್ಪನವರಿಗೆ ಇಲ್ಲಿ ಎರಡನೇ ಕಾರಣ ಸಿಗಲ್ಲ. ನಮ್ಮ ಹರಳೆಣ್ಣೆ ಗಿಡದ ಕುಟುಂಬಕ್ಕೆ ಸೇರಿದ್ದು. ಹಸಿರು ಬಣ್ಣದ ಸಣ್ಣ ಹೂವು, ಕಣ್ಣಿಗೆ ಕಾಣುವುದೇ ಇಲ್ಲ. ವಿಷ ಬೇರೆ.

ಮಲ್ಲಿಗೆ ಮೊಳ
ಮುಡಿಯಲು ಬಾರದ್ದನ್ನು ಹೂವು ಅಂತ ನಾನು ಒಪ್ಪಲ್ಲ. ಆದರೆ ಫ್ರೆಡ್ಡಿಗೋಸ್ಕರ ಬಿಟ್ಟುಕೊಟ್ಟೆ.

ಕೆರೊಲಿನಾ ಕನ್ನಡಿಗ
ನನ್ನ ಮಗಳು ಪಕ್ಕದಲ್ಲಿ ಕೂತು ಓದುತ್ತಿದ್ದಾಳೆ. ಜೂನೋ ಹಾಕಿ ಅಂತ ಹಟ. ಸಬ್ರೀನಾ ಕಾರ್ಪೆಂಟರ್ ಅನ್ನೋ ಗಾಯಕಿಯ 2024ರ ಹಾಡು. ಅದು ಜೂನೋ ಅನ್ನೋ 2007ರ ಸಿನಿಮಾದ ಹೆಸರಿಂದ, ಆ ಸಿನಿಮಾದ ಹುಡುಗಿಯ ಹೆಸರು ದೇವತೆಯಿಂದ. ಎರಡು ಮೆಟ್ಟಿಲು ಇಳಿದು ಬಂದಿದೆ.

ತಾರಸಿ ತೋಟ
ಹೂವೂ ಇದೆ, ಮಗಳಿಗೆ ಹೇಳಿ. ಜೂನೋ ಐರಿಸ್ ಅಂತ ಐರಿಸ್‌ನಲ್ಲೇ ಒಂದು ಪಂಗಡ. ಎಲೆ ಕತ್ತಿ ಥರ ಅಲ್ಲ, ಮುಸುಕಿನ ಜೋಳದ ಸಸಿ ಥರ. ಒಡತಿ ಮತ್ತು ಅವಳ ದೂತೆ ಒಂದೇ ಹೂವಿನಲ್ಲಿ!

ಹಳೇ ಟೇಪು
ಪ್ರೇಮದ ದೇವರು ಕ್ಯುಪಿಡ್ ಕೂಡ ಬರೆದುಕೊಳ್ಳಿ. ಹಾಡಿದವರು ಸ್ಯಾಮ್ ಕುಕ್ 1961, ಕೊರಿಯಾದ ಫಿಫ್ಟಿ ಫಿಫ್ಟಿ ತಂಡ 2023. ಹೂವು ಕ್ಯುಪಿಡ್ಸ್ ಡಾರ್ಟ್, ಅಂದರೆ ಕ್ಯುಪಿಡ್‌ನ ಬಾಣ.

ಧಾರವಾಡ ಪೇಡೆ
ಅವರು ಬಾಣದ ಹೆಸರನ್ನು ಹೂವಿಗೆ ಇಟ್ಟರು. ನಮ್ಮ ಮನ್ಮಥ ಹೂವನ್ನೇ ಬಾಣ ಮಾಡಿಕೊಂಡ. ಅರವಿಂದ, ಅಶೋಕ, ಮಾವಿನ ಹೂವು, ಮಲ್ಲಿಗೆ, ನೀಲೋತ್ಪಲ. ಐದು ಬಾಣ. ಇಷ್ಟು ಹೇಳಿ ಮುಗಿಸುತ್ತೇನೆ, ಇಲ್ಲದಿದ್ದರೆ ಮನ್ಮಥ ರೋಮಿನವನಲ್ಲ ಅಂತ ಬರುತ್ತಾರೆ.

ನಿವೃತ್ತ ಮೇಷ್ಟ್ರು
ಕಿಟ್ಟಿ ಅವರೇ, ಕೊನೆಯ ಪ್ರಶ್ನೆಗೆ ಒಂದು ಸಲಹೆ. ನಾನು ಶುರುವಿನಲ್ಲಿ ಹೇಳಿದ ಡಿಡೋ ನೆನಪಿದೆಯಾ? ಐರಿಸ್ ಬಂದು ಕೂದಲು ಕತ್ತರಿಸಿದ ರಾಣಿ. ಆ ಹೆಸರಿನ ಗಾಯಕಿ ಇದ್ದಾರಂತೆ, ನಿನ್ನೆ ಮೊಮ್ಮಗ ಹೇಳಿದ.

ಹಳೇ ಟೇಪು
ಇದ್ದಾರೆ ಮೇಷ್ಟ್ರೇ! ಲಂಡನ್ನಿನ ಡಿಡೋ. 1971ರಲ್ಲಿ ಹುಟ್ಟಿದವರು. ರ‍್ಯಾಪ್ ಹಾಡುಗಾರ ಎಮಿನೆಮ್‌ನ ಸ್ಟಾನ್ ಹಾಡಿನಲ್ಲಿ ಮಳೆ ಸದ್ದಿನ ಜೊತೆ ಕೇಳಿಸುವ ಆ ಮೆತ್ತನೆ ದನಿ ಅವರದ್ದೇ, ಅವರ ಥ್ಯಾಂಕ್ ಯೂ ಹಾಡಿನಿಂದ ತೆಗೆದದ್ದು. ಈಗ ಇದನ್ನು ಕೇಳಿ. ಡಿಡೋ ಅವರ ಪೂರ್ತಿ ಹೆಸರು ಫ್ಲೋರಿಯನ್ ಕ್ಲೌಡ್ ಅಂತ ಶುರುವಾಗಿ ಉದ್ದಕ್ಕೆ ಹೋಗುತ್ತದೆ.

ನಿವೃತ್ತ ಮೇಷ್ಟ್ರು
ಫ್ಲೋರಿಯನ್! ಹಾಗಾದರೆ ಹೂವೂ ಸಿಕ್ಕಿತು. ಲ್ಯಾಟಿನ್‌ನಲ್ಲಿ ಹೂವು ಅಂದರೆ ಫ್ಲೋಸ್. ಅದೇ ಬೇರಿನಿಂದ ಹೂವಿನ ದೇವತೆ ಫ್ಲೋರಾ. ರೋಮಿನಲ್ಲಿ ಏಪ್ರಿಲ್ ಕೊನೆಗೆ ಅವಳ ಹಬ್ಬ ಶುರುವಾಗುತ್ತಿತ್ತು. ಹಯಸಿಂತಸ್‌ನ ರಕ್ತದಿಂದ ಹೂವು ಮಾಡಿದ್ದು ನಾನೇ ಅಂತ ಓವಿಡ್‌ನ ಇನ್ನೊಂದು ಕಾವ್ಯದಲ್ಲಿ ಅವಳೇ ಹೇಳಿಕೊಳ್ಳುತ್ತಾಳೆ. ಮುಂದಿನ ಹೆಸರು ಕ್ಲೌಡ್, ಮೋಡ. ಮೋಡ ಇದ್ದ ಕಡೆ ಐರಿಸ್ ಬಾರದೆ ಇರುತ್ತಾಳಾ?

ತಕರಾರಪ್ಪ
ಡಿಡೋ ಫಿನೀಷಿಯಾದವಳು. ಆದರೆ ಪಂಪನನ್ನು ಮತ್ತೆ ಕರೆಯುತ್ತೀರಿ ಅಂತ ಗೊತ್ತು. ಸುಮ್ಮನಿದ್ದೇನೆ.

ಕ್ವಿಜ್ ಕಿಟ್ಟಿ
ಕ್ವಿಜ್ ಮುಗಿಯಿತು, ಸುದ್ದಿ ಹೇಳಲು ಬಂದೆ. ಐರಿಸ್ ಮೂರು ಟೀಮ್ ಹೇಳಿದವು. ಯಾರೂ ಗ್ರೀಕ್ ಅನ್ನಲಿಲ್ಲ. ವೀನಸ್ ಎಲ್ಲರಿಗೂ ಬಂತು. ಕ್ರೋಕಸ್ ಯಾರಿಗೂ ಬರಲಿಲ್ಲ. ಅವರೆಕಾಯಿ ಪ್ರಶ್ನೆಗೆ ಇಡೀ ಹಾಲ್ "ಹೋ" ಅಂತ ಕೂಗಿತು, ಇಬ್ಬರು ಫೋನ್ ತೆಗೆದು ಮನೆಗೆ ಮೆಸೇಜ್ ಹಾಕಿದರು. ಡಿಡೋ ಪ್ರಶ್ನೆಯನ್ನು ಅಕೌಂಟ್ಸ್‌ನವರ ಟೀಮ್ ಹೊಡೆಯಿತು. ಸ್ಟಾನ್ ಹಾಡಿನ ಸುಳಿವು ಸಾಕಾಯಿತು ಅವರಿಗೆ.

ದವನಕ್ಕೆ ಮಾತ್ರ ಗಲಾಟೆ ಆಯಿತು. ಬೆಳಿಗ್ಗೆ ಐದಕ್ಕೇ ಮಾರ್ಕೆಟ್ಟಿಗೆ ಹೋಗಿ ಒಂದು ಕಟ್ಟು ತಂದಿದ್ದೆ. ಟೇಬಲ್ ಮೇಲೆ ಇಟ್ಟ ತಕ್ಷಣ ಎಲ್ಲರೂ ಮೂಗಿಗೆ ಹಿಡಿದರು. ದವನ ಅಂತ ಎಲ್ಲರಿಗೂ ಗೊತ್ತು, ಮುಂದೆ ಹೋಗಲು ಗೊತ್ತಿಲ್ಲ. ಎರಡು ಟೀಮ್ ಪಾಲ್ ಆಂಕಾ ಹಿಡಿದು ಡಯಾನಾಕ್ಕೆ ಬಂದವು. ಮೂರನೇ ಮಹಡಿಯ ಟೀಮ್ "ಆರ್ಟಿಮಿಸಿಯಾ ರಾಣಿ" ಅಂತ ಬರೆದುಕೊಟ್ಟಿತು. ತಪ್ಪು ಅಂದೆ. ಕನ್ನಡಕ ಹಾಕಿಕೊಂಡ ಒಬ್ಬರು ಎದ್ದು ನಿಂತು, "ಪ್ಲಿನಿ ಎರಡು ಕಾರಣ ಕೊಟ್ಟಿದ್ದಾನೆ ರೀ" ಅಂದರು.

ತಕರಾರಪ್ಪನವರೇ, ನೀವು ಮೂರನೇ ಮಹಡಿಯವರಾ?

ತಕರಾರಪ್ಪ
ಮೊದಲು ಅರ್ಧ ಅಂಕ ಕೊಡಿ.